ಪ್ರಶ್ನೋತ್ತರ: ಹಂದಿಗೆ ಸೆಮಿ ಆಟೋಮ್ಯಾಟಿಕ್ ರೈಫಲ್ ಯಾಕೆ ಕೊಡೂದಿಲ್ಲ? ಕೋವಿ ರಿಪೇರಿಯವರಿಗೆ ಕೇಳಿ

ಅಡ್ಮಿನ್: ಎಲ್ರಿಗೂ ನಮಸ್ಕಾರ. ಮಂಗಳೂರಲ್ಲಿ ಕೋವಿ ರಿಪೇರಿ ಅಂಗಡಿ ಇರುವವರು ಇವತ್ತು ರಾತ್ರಿ ನಮ್ಮ ಕೃಷಿಕರ ಗುಂಪಲ್ಲಿ ಉತ್ತರ ಕೊಡ್ತಾರೆ. ಸೆಮಿ ಆಟೋಮ್ಯಾಟಿಕ್, ಅಂದ್ರೆ ಒಂದು ಗುಂಡು ಹೊಡೆದ ಕೂಡ್ಲೇ ಇನ್ನೊಂದು ತಾನಾಗಿ ತುಂಬುವ ಕೋವಿ, ಅದರ ವಿಷಯದಲ್ಲಿ ಹೋದ ವಾರ ಇಲ್ಲಿ ದೊಡ್ಡ ಗಲಾಟೆ ಆಯ್ತಲ್ಲ, ಅದನ್ನೇ ನೇರ ಅವರಿಗೆ ಕೇಳಿ. ರಾಜಕೀಯ ಬೇಡ, ಫಾರ್ವರ್ಡ್ ಬೇಡ.

ಬಜ್ಪೆ ಹುಡುಗ: ಅಣ್ಣ ನಮಸ್ತೆ. ಅಮೆರಿಕದ ಟೆಕ್ಸಾಸಲ್ಲಿ ಹೆಲಿಕಾಪ್ಟರಲ್ಲಿ ಕೂತು ಸೆಮಿ ಆಟೋಮ್ಯಾಟಿಕಲ್ಲಿ ಹಂದಿ ಹೊಡೆಯುವ ವಿಡಿಯೋ ನೋಡಿರ್ಬಹುದು ನೀವು. ನಮ್ಗೆ ಮಾತ್ರ ಅಜ್ಜನ ಕಾಲದ ಸಿಂಗಲ್ ಬ್ಯಾರಲ್, ಒಂದು ಈಡು ಹೊಡೆದು ಇನ್ನೊಂದು ತೋಟೆ ತುಂಬಿಸುವಷ್ಟರಲ್ಲಿ ಹಂದಿ ಘಟ್ಟ ಹತ್ತಿ ಆಗಿರ್ತದೆ. ಸರ್ಕಾರ ಯಾಕೆ ಕೊಡೂದಿಲ್ಲ?

ಕೋವಿ ರಿಪೇರಿ: ಮೊದ್ಲು ಕಾನೂನು. ಆರ್ಮ್ಸ್ ರೂಲ್ಸ್ 2016ರಲ್ಲಿ ಸೆಮಿ ಆಟೋಮ್ಯಾಟಿಕ್ ರೈಫಲ್ ನಿರ್ಬಂಧಿತ ವರ್ಗದಲ್ಲಿ ಉಂಟು, ಡಿಸಿ ಆಫೀಸಲ್ಲಿ ಬೆಳೆ ರಕ್ಷಣೆಗೆ ಅಂತ ಅರ್ಜಿ ಹಾಕಿದ್ರೆ ಸಿಗುವ ಸಾಮಾನಲ್ಲ ಅದು. ಟೆಕ್ಸಾಸಿನ ಹಂದಿ ಬೇರೆಯೇ ಕತೆ, ಸಾಕಿದ ಹಂದಿ ಕಾಡು ಸೇರಿ ಹೆಚ್ಚಿದ್ದು, ಹೊರಗಿಂದ ಬಂದದ್ದು, 2011ರಲ್ಲಿ ಹೆಲಿಕಾಪ್ಟರಿಂದ ಹೊಡೀಲಿಕ್ಕೂ ಕಾನೂನು ಮಾಡಿದ್ರು. ಆದ್ರೂ ಹಂದಿ ಮುಗೀಲಿಲ್ಲ. ವರ್ಷಕ್ಕೆ ಮೂರರಲ್ಲಿ ಎರಡು ಪಾಲು ತೆಗೆದ್ರೆ ಮಾತ್ರ ಸಂಖ್ಯೆ ಇದ್ದಲ್ಲೇ ನಿಲ್ತದೆ ಅಂತ ಅಲ್ಲಿಯವರದ್ದೇ ಲೆಕ್ಕ. ಪೆನ್ಸಿಲ್ವೇನಿಯ ಅಂತ ಇನ್ನೊಂದು ರಾಜ್ಯ ಉಂಟು, ಮನೆಮನೆಯಲ್ಲಿ ಬೇಟೆಗಾರರು ಇರುವ ಊರು, ಅಲ್ಲಿ ಇದೇ ಚರ್ಚೆ ಆಗಿ 2017ರಲ್ಲಿ ಸಣ್ಣ ಪ್ರಾಣಿಗಳಿಗೆ ಮಾತ್ರ ಸೆಮಿ ಆಟೋಮ್ಯಾಟಿಕ್ ಬಿಟ್ರು, ಜಿಂಕೆಗೆ ಬಿಡ್ಲಿಲ್ಲ. ಬೇಡ ಅಂತ ಹೇಳಿದ್ದು ಬೇಟೆಗಾರರೇ. ಬಾತುಕೋಳಿ ಹೊಡೆಯುವ ಶಾಟ್‌ಗನ್‌ಗೂ ಆ ದೇಶದಲ್ಲಿ ಮೂರು ತೋಟೆಗಿಂತ ಹೆಚ್ಚು ಹಿಡಿಯದ ಹಾಗೆ ಬೆಣೆ ಹಾಕ್ಬೇಕು. ವಿಡಿಯೋದಲ್ಲಿ ಇದೆಲ್ಲ ಬರೂದಿಲ್ಲ.

ಇನ್ನು ನನ್ನ ಮಾತು. ನಮ್ಮ ಊರಲ್ಲಿ ಮನೆಗಳು ಒಂದೇ ಕಡೆ ಗುಂಪಾಗಿ ಇಲ್ಲ, ತೋಟಕ್ಕೊಂದು ಮನೆ. ನಿಮ್ಮ ಅಡಿಕೆ ತೋಟ ಮುಗಿದಲ್ಲಿ ಇನ್ನೊಬ್ಬರ ಕೊಟ್ಟಿಗೆ, ಅದರಾಚೆ ಶಾಲೆಗೆ ಹೋಗುವ ದಾರಿ. ಪುಟ್ಟ .22 ಗುಂಡಿನ ಪೆಟ್ಟಿಗೆ ಮೇಲೆಯೇ ಒಂದೂವರೆ ಮೈಲು ಅಪಾಯ ಅಂತ ಬರೆದಿರ್ತದೆ, ದೊಡ್ಡ ರೈಫಲ್ ಹೇಳುವುದೇ ಬೇಡ. ಟೆಕ್ಸಾಸಲ್ಲಿ ಮೇಲಿಂದ ಕೆಳಗೆ ಹೊಡೀತಾರೆ, ಗುಂಡು ಮಣ್ಣಿಗೆ ಹೋಗ್ತದೆ. ನೀವು ರಾತ್ರಿ ಟಾರ್ಚ್ ಹಿಡಿದು ಅಡ್ಡಕ್ಕೆ ಹೊಡೀತೀರಿ, ಕೆಳಗೆ ಮುರಕಲ್ಲು, ತಾಗಿ ಎಲ್ಲಿಗೆ ಹಾರ್ತದೆ ಅಂತ ಹೇಳ್ಲಿಕ್ಕೆ ಆಗೂದಿಲ್ಲ. ಮತ್ತೆ ಸೆಮಿ ಆಟೋಮ್ಯಾಟಿಕಲ್ಲಿ ಒಂದು ಹೊಡೆದ ಕೂಡ್ಲೇ ಇನ್ನೊಂದು ತಾನಾಗಿ ತುಂಬಿ ಆಯ್ತು, ಮಳೆಗಾಲದಲ್ಲಿ ಪಾಚಿ ಹಿಡಿದ ತೋಡು ದಾಟುವಾಗ ಕಾಲು ಜಾರಿದ್ರೆ? ಸಿಂಗಲ್ ಬ್ಯಾರಲ್ ಮಡಚಿ ಹೆಗಲಿಗೆ ಹಾಕಿದ್ರೆ ಖಾಲಿ ಅಂತ ಹತ್ತು ಮಾರು ದೂರದವನಿಗೂ ಕಾಣ್ತದೆ. ನಾನು ಕೋವಿಯಿಂದಲೇ ಊಟ ಮಾಡುವವ, ಆದ್ರೂ ಬೇಡ ಅಂತೇನೆ.

ಸುರತ್ಕಲ್ ಬೈಕರ್: ಏರ್ ಗನ್‌ಗೆ ಲೈಸೆನ್ಸ್ ಬೇಕಾ ಸರ್

ಕೋವಿ ರಿಪೇರಿ: ನಳಿಗೆಯ ಅಳತೆ .177 ಬೋರ್, ಹೊಡೆತದ ಶಕ್ತಿ 20 ಜೂಲ್ ಒಳಗೆ ಆದ್ರೆ ಬೇಡ. ಮಂಗನಿಗೆ ಹೊಡೆದ್ರೆ ಕೇಸ್ ಆಗೇ ಆಗ್ತದೆ.

ಹೆಬ್ರಿ ಕೃಷಿಕ: ಇದು ನೋಡಿ ಒಳ್ಳೇದುಂಟು, ಫಾರ್ವರ್ಡ್ ಬಂದದ್ದು. ಪಿವಿಸಿ ಪೈಪಿಗೆ ಕಾರ್ಬೈಡ್ ಮತ್ತು ನೀರು ಹಾಕಿ ಲೈಟರ್ ಒತ್ತಿದ್ರೆ ಗರ್ನಾಲು ಹಾಗೆ ಶಬ್ದ, ಮಂಗ ವಾರಗಟ್ಲೆ ಹತ್ರ ಬರೂದಿಲ್ಲವಂತೆ. ಎಲ್ರಿಗೂ ಕಳ್ಸಿ.

ಕೋವಿ ರಿಪೇರಿ: ಯಾರಿಗೂ ಕಳ್ಸಬೇಡಿ. 2025ರ ದೀಪಾವಳಿಗೆ ಮಧ್ಯಪ್ರದೇಶದಲ್ಲಿ ಇದೇ ಪೈಪಿನಿಂದ ಎಷ್ಟೋ ಮಕ್ಕಳ ಕಣ್ಣಿಗೆ ಪೆಟ್ಟಾಯ್ತು. ಹೊತ್ತಲಿಲ್ಲ ಅಂತ ಬಗ್ಗಿ ನೋಡುವಾಗ ಹೊತ್ತಿಕೊಳ್ತದೆ.

ಹೆಬ್ರಿ ಕೃಷಿಕ: ನಾವು ಎರಡು ವರ್ಷದಿಂದ ಮಾಡ್ತಾ ಇದ್ದೇವೆ, ಎಂತದೂ ಆಗ್ಲಿಲ್ಲ.

ಮಾಳ ತೋಟದವ: ಅಣ್ಣ ಒಂದು ಡೌಟ್. ಅಪ್ಪನ ಲೈಸೆನ್ಸಿನ ಡಬಲ್ ಬ್ಯಾರಲ್. ನಿನ್ನೆ ರಾತ್ರಿ ಹಂದಿ ಹೆದರಿಸ್ಲಿಕ್ಕೆ ಮೇಲಕ್ಕೆ ಒಂದು ಈಡು ಹೊಡೆದ್ರು, ಢಂ ಅಂತ ಆಗ್ಲಿಲ್ಲ, ಪುಸ್ ಅಂತ ಆಯ್ತು, ಭುಜಕ್ಕೆ ಪೆಟ್ಟೂ ಬರ್ಲಿಲ್ಲ, ಸ್ವಲ್ಪ ಹೊಗೆ ಅಷ್ಟೆ. ತೋಟೆ ಹಳೇದು, ಶಕ್ತಿಮಾನ್ ಬ್ರ್ಯಾಂಡಿಂದು, ಅಟ್ಟದಲ್ಲಿ ಗೋಣಿಯೊಳಗೆ ಇತ್ತು, ಮಳೆಗೆ ಥಂಡಿ ಹಿಡಿದಿರ್ಬೇಕು. ಆ ಡಬ್ಬಿಯಲ್ಲಿ ಇನ್ನೂ ಏಳೆಂಟು ಉಂಟು, ಇವತ್ತು ರಾತ್ರಿ ಹೊಡೀಬಹುದಾ?

ಕೋವಿ ರಿಪೇರಿ: ಬೇಡ. ಬೇಡ. ಅಪ್ಪ ಎಲ್ಲಿದ್ದಾರೆ ಈಗ? ಮೊದ್ಲು ಹೋಗಿ ಕೋವಿ ಮುಟ್ಟಬೇಡಿ ಅಂತ ಹೇಳಿ ಬನ್ನಿ, ಆಮೇಲೆ ಮುಂದೆ ಓದಿ.

ಪುಸ್ ಅಂದ್ರೆ ಮದ್ದಿಗೆ ಕಿಡಿ ಕೊಡುವ ಕೇಪು ಹೊತ್ತಿದೆ, ಮದ್ದು ಸರಿ ಹೊತ್ತಲಿಲ್ಲ ಅಂತ. ಹಾಗಾದಾಗ ತೋಟೆಯೊಳಗಿನ ವಾಡ್ (ಮದ್ದಿಗೂ ಚರೆಗೂ ನಡುವಿನ ಬಿರಡೆ) ಮತ್ತು ಚರೆ ಹೊರಗೆ ಹೋಗುವಷ್ಟು ಒತ್ತಡ ಇರೂದಿಲ್ಲ, ನಳಿಗೆಯ ಮಧ್ಯ ಎಲ್ಲಿಯಾದ್ರೂ ಸಿಕ್ಕಿ ಕೂತಿರ್ಲಿಕ್ಕೆ ಸಾಕು. ಅದರ ಹಿಂದೆ ಇನ್ನೊಂದು ಒಳ್ಳೆ ತೋಟೆ ಹಾಕಿ ಹೊಡೆದ್ರೆ ಗಾಳಿಗೆ ದಾರಿ ಇಲ್ಲ, ನಳಿಗೆ ಉಬ್ತದೆ, ಇಲ್ಲದಿದ್ರೆ ಒಡೀತದೆ. ಎಡಗೈ ಎಲ್ಲಿ ಇರ್ತದೆ ಆಗ? ನಳಿಗೆಯ ಕೆಳಗೆ. ಉಬ್ಬಿದ ನಳಿಗೆ ನನ್ನ ಅಂಗಡಿಗೆ ಬರ್ತಾ ಇರ್ತದೆ, ತಂದವರ ಕೈ ಸರಿ ಉಂಟಾ ಅಂತ ನಾನು ಮೊದ್ಲು ನೋಡೂದು.

ಈಗ ಮಾಡ್ಬೇಕಾದ್ದು. ಕೋವಿಯ ಬಾಯಿ ಜನ, ಜಾನುವಾರು, ಮನೆ ಇಲ್ಲದ ಕಡೆಗೆ ಇರ್ಲಿ. ಅಪ್ಪನೇ ಮಡಚಿ ಎರಡೂ ನಳಿಗೆಯ ತೋಟೆ ತೆಗೀಲಿ, ಎರಡೂ ಅಂದೆ, ಇನ್ನೊಂದು ನಳಿಗೆಯಲ್ಲಿ ತೋಟೆ ಉಳಿದದ್ದು ಜನಕ್ಕೆ ಮರೆತೇ ಹೋಗ್ತದೆ. ಖಾಲಿ ಅಂತ ಬೆರಳು ಹಾಕಿ ನೋಡಿದ ಮೇಲೆ ಹಿಂದಿನ ಕಡೆಯಿಂದ ಬೆಳಕಿಗೆ ಹಿಡಿದು ನೋಡಿ. ದುಂಡಗೆ ಬೆಳಕು ಕಾಣ್ಬೇಕು. ಕಾಣದಿದ್ರೆ ಅಲ್ಲಿಗೆ ಬಿಡಿ, ಕಬ್ಬಿಣದ ಸರಳು ಹಾಕಿ ಸುತ್ತಿಗೆಯಲ್ಲಿ ಬಡಿಯೂದು, ಇನ್ನೊಂದು ತೋಟೆಯಿಂದ ದೂಡಿಸೂದು ಇಂತ ಪಂಡಿತಿಕೆ ಬೇಡ. ಇನ್ನೊಮ್ಮೆ ಯಾವಾಗ್ಲಾದ್ರೂ ಟ್ರಿಗರ್ ಎಳೆದು ಎಂತದೂ ಆಗದಿದ್ರೆ ಒಂದು ನಿಮಿಷ ಹಾಗೇ ದೂರಕ್ಕೆ ಹಿಡ್ಕೊಂಡು ನಿಲ್ಲಲಿ, ತಡವಾಗಿ ಹೊತ್ತುವ ತೋಟೆಯೂ ಉಂಟು.

ಮತ್ತೆ ಆ ಕೋವಿ ಯಾವ ಕಾಲದ್ದು? ನಳಿಗೆ ಮೇಲೆ ಹಾವಿನ ಮೈಯ ಹಾಗೆ ಸುರುಳಿ ಗೆರೆ ಉಂಟಾ? ಇದ್ರೆ ಅದು ಕರಿಮದ್ದಿನ ಕಾಲದ್ದು, ಈಗಿನ ತೋಟೆ ಅದಕ್ಕೆ ಆಗೂದಿಲ್ಲ. ಹಳೆ ಇಂಗ್ಲಿಷ್ ಕೋವಿಗಳಲ್ಲಿ ತೋಟೆ ಕೂರುವ ಜಾಗ 65 ಮಿಲಿಮೀಟರ್, 70ರ ತೋಟೆ ಅದರಲ್ಲಿ ಚಂದ ಕೂರ್ತದೆ, ಆದ್ರೆ ಹೊಡೆದಾಗ ತೋಟೆಯ ಬಾಯಿ ಬಿಚ್ಚಿಕೊಳ್ಲಿಕ್ಕೆ ಜಾಗ ಸಾಲೂದಿಲ್ಲ, ಒತ್ತಡ ಏರ್ತದೆ. ಫೋಟೋ ಹಾಕಿ.

ಬಜ್ಪೆ ಹುಡುಗ: ಥಂಡಿ ಹಿಡಿದ ತೋಟೆಯನ್ನು ಕಾವಲಿ ಮೇಲೆ ಸ್ವಲ್ಪ ಬಿಸಿ ಮಾಡಿದ್ರೆ ಸರಿ ಆಗ್ತದೆ ಅಂತ ಒಂದು ಗುಂಪಲ್ಲಿ ನೋಡಿದ್ದೆ.

ಕೋವಿ ರಿಪೇರಿ: ಮದ್ದು ತುಂಬಿದ ತೋಟೆಯನ್ನು ಕಾವಲಿ ಮೇಲೆ?? ಅದನ್ನು ಬರೆದವನ ಅಡುಗೆಮನೆ ಈಗ ಉಂಟಾ ಕೇಳಿ. ಬಿಸಿಲಿಗೂ ಇಡಬೇಡಿ, ಒಲೆ ಮೇಲಿನ ಅಟ್ಟದಲ್ಲೂ ಬೇಡ. ಹೋದ ತೋಟೆ ಹೋಯ್ತು. ನಳಿಗೆಗೆ ತೆಂಗಿನೆಣ್ಣೆ ಹಾಕುವ ಫಾರ್ವರ್ಡಿಗೂ ಈಗ್ಲೇ ಉತ್ತರ ಹೇಳ್ತೇನೆ, ಬೇಡ, ಅಂಟಾಗ್ತದೆ.

ಕಾರ್ಕಳ ಅಡಿಕೆ: ಕೊಡಗಿನವರಿಗೆ ಲೈಸೆನ್ಸೇ ಬೇಡ. ನಮ್ಗೆ ಮಾತ್ರ ಎಲೆಕ್ಷನ್ ಬಂದ ಕೂಡ್ಲೇ ಕೋವಿ ಸ್ಟೇಷನಿಗೆ ಒಪ್ಪಿಸಿ ಅಂತಾರೆ, ಹಂದಿಗೆ ನೀತಿ ಸಂಹಿತೆ ಉಂಟಾ? ಇದಕ್ಕೆ ಉತ್ತರ ಹೇಳಿ.

ಉಡುಪಿ ಹಕ್ಕಿ ವೀಕ್ಷಕ: ಕೊಡಗಿನದ್ದು ಬ್ರಿಟಿಷರ ಕಾಲದಿಂದ ಬಂದ ವಿನಾಯ್ತಿ, ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೆ. 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿದಿದೆ, 2029ರ ತನಕ ಉಂಟು. ಅದಕ್ಕೂ ಹಂದಿಗೂ ಸಂಬಂಧ ಇಲ್ಲ. ಕಾಡಿನ ಅಂಚಿನಲ್ಲೆಲ್ಲ ತೋಟ ಮಾಡಿ ಹಂದಿ ಬಂತು ಅಂತ ಅಳುವುದು ನ್ಯಾಯವಾ?

ಕಾರ್ಕಳ ಅಡಿಕೆ: ನೀವು ಫ್ಲಾಟಲ್ಲಿ ಕೂತು ಬೈನಾಕ್ಯುಲರ್ ಒರಸಿ. ನಮ್ಮ ಅಜ್ಜ ಗೇಣಿ ಕೊಟ್ಟು ಮಾಡಿದ ಗದ್ದೆ ಅದು, ಯಾವ ಕಾಡೂ ಇರ್ಲಿಲ್ಲ. ಒಂದು ರಾತ್ರಿ ಬಂದ್ರೆ ಮರಗೆಣಸು, ಬಾಳೆ, ಸಣ್ಣ ಅಡಿಕೆ ಸಸಿ ಎಲ್ಲ ಮಗುಚಿ ಹಾಕ್ತಾವೆ. ಪರಿಹಾರದ ಅರ್ಜಿ ಹಿಡ್ಕೊಂಡು ನೀವು ಹೋಗ್ತೀರಾ ಆಫೀಸಿಗೆ?

ಉಡುಪಿ ಹಕ್ಕಿ ವೀಕ್ಷಕ: ನನ್ನದೂ ಎರಡು ಎಕರೆ ಉಂಟು ಸ್ವಾಮಿ, ಫ್ಲಾಟ್ ಅಲ್ಲ. ಐಬೆಕ್ಸ್ ಬೇಲಿ, ಅದೇ ಝಟ್ಕಾ ಕೊಡುವ ತಂತಿ ಬೇಲಿ, ಹಾಕಿದ್ದೇನೆ.

ಹೆಬ್ರಿ ಕೃಷಿಕ: ಐಬೆಕ್ಸಿಗೆ ದುಡ್ಡು ಯಾರ ಅಪ್ಪ ಕೊಡ್ತಾನೆ? ಲೈನಿಂದ ನೇರ ಒಂದು ತಂತಿ ಎಳೆದ್ರೆ ಮುಗೀತು.

ಕೋವಿ ರಿಪೇರಿ: ಹೆಬ್ರಿಯವರೇ, ಪೈಪ್ ಆಯ್ತು, ಈಗ ಲೈನ್ ಕರೆಂಟಾ? ಐಬೆಕ್ಸಲ್ಲಿ ಬಿಟ್ಟು ಬಿಟ್ಟು ಬಡಿಯೂದು, ಹಿಡಿದದ್ದು ಬಿಟ್ಟು ಓಡ್ತದೆ. ಲೈನಿನ ತಂತಿ ಬಿಡೂದಿಲ್ಲ. ಬೆಳಿಗ್ಗೆ ಹಾಲು ಡೈರಿಗೆ ಹೊರಟ ಹೆಂಗಸಿಗೆ ತಾಗಿದ್ರೆ ಜೈಲಿಗೆ ಹೋಗೂದು ನೀವು. ಇದನ್ನು ಗುಂಪಿಂದ ಅಳಿಸಿ.

ಮೂಡುಬಿದಿರೆ ಶೆಟ್ರು: ಲೈಸೆನ್ಸ್ ಕೋವಿಯಲ್ಲಿ ಹಂದಿ ಹೊಡೆದ್ರೆ ತೊಂದ್ರೆ ಇಲ್ಲ ಅಲ್ವಾ? ಮಾಂಸ ಮನೆಗೆ ತರಬಹುದಾ?

ಕೋವಿ ರಿಪೇರಿ: ಕೋವಿಯ ಲೈಸೆನ್ಸ್ ಬೇಟೆಯ ಲೈಸೆನ್ಸ್ ಅಲ್ಲ. ವನ್ಯಜೀವಿ ಕಾಯ್ದೆ 1972ರ 11ನೇ ಸೆಕ್ಷನ್ ಪ್ರಕಾರ ಅಧಿಕಾರ ಇರುವ ಅರಣ್ಯ ಅಧಿಕಾರಿಯ ಲಿಖಿತ ಆದೇಶ ಬೇಕು. ಮಾಂಸ ಸರ್ಕಾರದ್ದು.

ಮೂಡುಬಿದಿರೆ ಶೆಟ್ರು: ಹೊಡೆಯೂದು ನಾವು, ತಿನ್ನುವುದು ಸರ್ಕಾರವಾ 😄 ಕೇರಳದಲ್ಲಿ ಪಂಚಾಯತ್ ಅಧ್ಯಕ್ಷರೇ ಆರ್ಡರ್ ಕೊಡ್ತಾರಂತೆ.

ಕೋವಿ ರಿಪೇರಿ: ಹೌದು, 2022ರಿಂದ. ಅಲ್ಲೂ ಹೊಡೆಯೂದು ಲೈಸೆನ್ಸ್ ಇದ್ದವರ ಕೋವಿಯಲ್ಲಿ. ಕೇಳೂದಿದ್ರೆ ನಮ್ಮ ಶಾಸಕರ ಹತ್ರ ಇದನ್ನು ಕೇಳಿ, ಆರ್ಡರ್ ಬೇಗ ಸಿಗುವ ವ್ಯವಸ್ಥೆ. ರೈಫಲ್ ರೈಫಲ್ ಅಂತ ಕಿರುಚಿ ಎಂತ ಪ್ರಯೋಜನ? ಕೈಯಲ್ಲಿ ಆರ್ಡರ್ ಇಲ್ಲದೆ ಹತ್ತು ಗುಂಡಿನ ಕೋವಿ ಇದ್ರೂ ಹಂದಿ ಎದುರು ಸುಮ್ನೆ ನಿಲ್ಬೇಕು.

ಸುರತ್ಕಲ್ ಬೈಕರ್: ಏರ್ ಗನ್ ಆನ್‌ಲೈನ್ ತೆಗೊಂಡ್ರೆ ಲೈಸೆನ್ಸ್?

ಕೋವಿ ರಿಪೇರಿ: ಮೇಲೆ ಓದಿ.

ಕುಂದಾಪುರ ಗದ್ದೆ: ನಮ್ಮಲ್ಲಿ ಹಂದಿಗಿಂತ ನವಿಲಿನ ಉಪದ್ರ ಜಾಸ್ತಿ, ಅದಕ್ಕೆ ಎಂತ ಮಾಡೂದು?

ಕಾರ್ಕಳ ಅಡಿಕೆ: ಹಕ್ಕಿ ವೀಕ್ಷಕರ ಮನೆಗೆ ಕಳ್ಸಿ.

ಉಡುಪಿ ಹಕ್ಕಿ ವೀಕ್ಷಕ: ಅಡ್ಮಿನ್, ಇಂತವರನ್ನು ಇಟ್ಕೊಂಡು ಗುಂಪು ನಡೆಸ್ತೀರಾ?

ಕಾರ್ಕಳ ಅಡಿಕೆ: ಎಲೆಕ್ಷನಿಗೆ ಕೋವಿ ಒಪ್ಪಿಸುವ ಪ್ರಶ್ನೆಗೆ ಉತ್ತರ ಇನ್ನೂ ಬರ್ಲಿಲ್ಲ. ಅಂಗಡಿಯವರಿಗೂ ಇಲಾಖೆಯ ಹೆದರಿಕೆ ಕಾಣ್ತದೆ.

ಕೋವಿ ರಿಪೇರಿ: ನಾನು ಪುಕ್ಕಟೆ ಕೂತು ಟೈಪ್ ಮಾಡ್ತಾ ಇದ್ದೇನೆ, ನಿಮ್ಮ ಸಾಲ ತೀರಿಸ್ಲಿಕ್ಕೆ ಬಂದದ್ದಲ್ಲ. ಮಾಳದವರು ಎಲ್ಲಿ? ಅವರು ಒಬ್ಬರು ಮಾತಾಡಿದ್ರೆ ಸಾಕು ನನ್ಗೆ.

ಅಡ್ಮಿನ್: ಎಲ್ರೂ ಸ್ವಲ್ಪ ಸಮಾಧಾನ.

ಮಾಳ ತೋಟದವ: ಇದ್ದೇನೆ ಅಣ್ಣ, ನೆಟ್‌ವರ್ಕ್ ಇರ್ಲಿಲ್ಲ. ಬಲಗಡೆ ನಳಿಗೆಯಲ್ಲಿ ಬೆಳಕು ಕಾಣೂದಿಲ್ಲ. ಎಡಗಡೆ ತೋಟೆ ಇತ್ತು, ತೆಗೆದ್ರು. ಗೆರೆ ಎಲ್ಲ ಇಲ್ಲ. ಅಪ್ಪ ಬೈತಾ ಇದ್ದಾರೆ, ನಲವತ್ತು ವರ್ಷದಿಂದ ಹೊಡೀತಾ ಇದ್ದೇನೆ ನಿನ್ನ ಮೊಬೈಲಿನವ ಎಂತ ಹೇಳೂದು ಅಂತ.

ಕೋವಿ ರಿಪೇರಿ: ಬೈಲಿ. ಕೋವಿ ಮಡಚಿ ಬೀಗದಲ್ಲಿ ಇಡಿ, ತೋಟೆ ಬೇರೆ ಕಡೆ. ನಾಳೆಯೇ ತನ್ನಿ, ಆದ್ರೆ ನೀವು ಹೊತ್ಕೊಂಡು ಬರುವ ಹಾಗಿಲ್ಲ, ಲೈಸೆನ್ಸ್ ಅಪ್ಪನದ್ದು, ಅಪ್ಪನೇ ಪುಸ್ತಕ ಹಿಡ್ಕೊಂಡು ಬರ್ಬೇಕು. ಬಸ್ಸಲ್ಲಿ ಬೇಡ, ಯಾರದ್ದಾದ್ರೂ ಕಾರು ನೋಡಿ, ಕೋವಿಗೆ ಚೀಲ ಹಾಕಿ. ಹಳೆ ತೋಟೆಯ ಡಬ್ಬಿ ತರಬೇಡಿ, ಅದನ್ನು ಎಂತ ಮಾಡೂದು ಅಂತ ಬಂದಾಗ ಹೇಳ್ತೇನೆ. ಮಧ್ಯಾಹ್ನ 1ರಿಂದ 3 ಬಾಗಿಲು ಹಾಕಿರ್ತದೆ.