ಹಳೇ ತೇಗದ ಮೇಜು: ಡ್ರಾಯರ್ ಲಾಕ್ ಆಗಿದೆ, ಕೀಲಿ ಇಲ್ಲ, ಒಡೆಯದೆ ತೆಗೆಯೋದು ಹೇಗೆ?

ಹಳೇಮೇಜು:
ತೇಗದ ಬರೆಯೋ ಮೇಜು. ನಡುವಿನ ಡ್ರಾಯರ್‌ಗೆ ಬೀಗ ಬಿದ್ದಿದೆ, ಕೀಲಿ ಕಳೆದಿದೆ. ಮನೇಲಿದ್ದ ಕೀಲಿಗಳನ್ನೆಲ್ಲ ಹಾಕಿ ನೋಡಿದ್ದಾಯ್ತು, ತಂತಿ ಬಗ್ಗಿಸಿ ತಿರುಗಿಸಿದ್ದಾಯ್ತು. ಜಮೀನಿನ ಕಾಗದ ಮೇಜಿನಲ್ಲೇ ಸಿಕ್ಕಿಕೊಂಡಿದೆ, ಈ ವಾರ ಬೇಕೇ ಬೇಕು. ಆಚಾರಿ ಮುಂದಿನ ಹಲಗೆ ಒಡೀಬೇಕು ಅಂತಾರೆ. ಅದು ಮಾತ್ರ ಸುತರಾಂ ಆಗಲ್ಲ. ದಯವಿಟ್ಟು ದಾರಿ ಹೇಳಿ.

ಉಳಿಬಾಚಿ:
ತಂತಿ ಬಗ್ಗಿಸಿದ ರೀತಿ ಸರಿ ಇರಲಿಕ್ಕಿಲ್ಲ. ಹಳೇ ಮೇಜಿನಲ್ಲಿ ಹೆಚ್ಚಾಗಿ ಇರೋದು ವಾರ್ಡ್ ಬೀಗ. ಬೇರೆ ಕೀಲಿ ತಿರುಗದ ಹಾಗೆ ಒಳಗೆ ತಗಡಿನ ಅಡ್ಡಗೋಡೆ ಇರುತ್ತೆ, ಅಷ್ಟೇ. ಸೈಕಲ್ ಕಡ್ಡಿ 2 ಮಿ.ಮೀ. ದಪ್ಪ, ಅದೇ ಸಾಕು. ತುದಿಯಿಂದ 6 ಮಿ.ಮೀ. ಬಿಟ್ಟು ಮೂಲೆಮಟ್ಟಕ್ಕೆ (90 ಡಿಗ್ರಿ) ಬಗ್ಗಿಸಿ, ಬಗ್ಗಿದ ಭಾಗವನ್ನ ಅರದಲ್ಲಿ ಉಜ್ಜಿ ಚಪ್ಪಟೆ ಮಾಡಿ. ಹಿಂದಿನ ತಗಡಿಗೆ ತಾಗೋವರೆಗೆ ತೂರಿಸಿ, ಒಂಚೂರು ಹಿಂದಕ್ಕೆಳೆದು ತಿರುಗಿಸಿ. ನಾಲಿಗೆ (ಬೀಗದಿಂದ ಮೇಲಕ್ಕೆ ಚಾಚಿ ಡ್ರಾಯರ್ ಹಿಡಿಯೋ ತುಂಡು) ಇಳಿಯುತ್ತೆ.

ಕೀಲಿಕೈ:
ಮೊದಲು ಟಾರ್ಚ್ ಬಿಟ್ಟು ಕೀಲಿ ತೂತು ನೋಡಿ ಸರ್. ನಡುವೆ ಪಿನ್ ಇದ್ದರೆ ಅದಕ್ಕೆ ಕೊಳವೆ ಕೀಲಿ ಬೇಕು, ಗಟ್ಟಿ ಕಡ್ಡಿಯ ಕೀಲಿ ಹೋಗೋದೇ ಇಲ್ಲ. ಒಳಗೆ ಹಿತ್ತಾಳೆ ಎಲೆಗಳು ಒಂದರ ಮೇಲೊಂದು ಕಂಡರೆ ಲಿವರ್ ಬೀಗ. ಅದಕ್ಕೆ ಒಂದು ತಂತಿ ಸಾಲದು. ಒಂದು ತಂತಿ ನಾಲಿಗೆಯನ್ನ ಒತ್ತಿ ಹಿಡೀಬೇಕು, ಇನ್ನೊಂದು ಎಲೆಗಳನ್ನ ಒಂದೊಂದಾಗಿ ಎತ್ತಬೇಕು. ಸುಮ್ಮನೆ ಬಲ ಹಾಕಿದರೆ ಎಲೆ ಬಾಗುತ್ತೆ, ಆಮೇಲೆ ಅಸಲಿ ಕೀಲಿ ಸಿಕ್ಕರೂ ತಿರುಗಲ್ಲ.

ಉಳಿಬಾಚಿ:
ಕಡ್ಡಿ ಸರಿಯಾಗಿ ಅರ ಹಾಕಿದ್ರೆ ತಿರುಗೇ ತಿರುಗುತ್ತೆ. ಸ್ವಲ್ಪ ಡಬ್ಲ್ಯೂಡಿ-40 (ತುಕ್ಕು ಬಿಡಿಸೋ ಸ್ಪ್ರೇ ಎಣ್ಣೆ) ಬಿಡಿ. ಅಥವಾ ಸ್ಪಿರಿಟ್ ಬಿಟ್ಟು ಧೂಳು ತೊಳೀರಿ.

ಅರಗುಪಾಲಿಶ್:
ಸ್ಪಿರಿಟ್ ಖಂಡಿತ ಬೇಡ! ಹಳೇ ತೇಗಕ್ಕೆ ಫ್ರೆಂಚ್ ಪಾಲಿಶ್ ಇದ್ದರೆ ಅದು ಸ್ಪಿರಿಟ್‌ನಲ್ಲೇ ಕರಗಿಸಿದ ಅರಗು. ತೂತಿಂದ ಒಂದು ಹನಿ ಕೆಳಗಿಳಿದರೆ ಆ ದಾರಿಯುದ್ದಕ್ಕೂ ಪಾಲಿಶ್ ಎದ್ದುಬರುತ್ತೆ. ಬೀಗಕ್ಕೆ ಪೆನ್ಸಿಲ್ ಸೀಸದ ಪುಡಿ ಊದಿ, ಅದು ಧೂಳು ಹಿಡಿಯಲ್ಲ.

ಉಳಿಬಾಚಿ:
ಪೆನ್ಸಿಲ್ ಪುಡಿ ತುಕ್ಕು ಬಿಡಿಸಲ್ಲ. ಎಣ್ಣೆನೇ ಬೇಕು.

ಅರಗುಪಾಲಿಶ್:
ತುಕ್ಕಿದೆ ಅಂತ ಅವರು ಎಲ್ಲಿ ಹೇಳಿದ್ರು?

ಧಾರವಾಡಕಟಗಿ:
ಎಣ್ಣಿ ಜಗಳ ಬಿಡ್ರಿ. ಬೀಗ ನಿಜವಾಗಿ ಬಿದ್ದೈತೋ ಇಲ್ಲೋ ಅದನ್ನ ಯಾರೂ ಕೇಳಲಿಲ್ಲ. ಮಳಿಗಾಲದಾಗ ಕಟಗಿ ಅಡ್ಡಕ್ಕ ಉಬ್ಬತೈತಿ, ಡ್ರಾಯರ್ ಹಿಡಕೊಂಡ್ರ ಬೀಗ ಬಿದ್ದಂಗ ಅನಸ್ತೈತಿ. ಅರ್ಧ ಮಿ.ಮೀ. ದಪ್ಪದ ಸ್ಟೀಲ್ ಪಟ್ಟಿ ತಗೊಂಡು, ಡ್ರಾಯರ್ ಮ್ಯಾಲಿನ ಸಂದಿಗೆ ಹಾಕಿ ಎಡದಿಂದ ಬಲಕ್ಕ ಸರಿಸ್ರಿ. ಕೀಲಿ ತೂತಿನ ನೇರಕ್ಕ ಟಕ್ ಅಂತ ಲೋಹಕ್ಕ ತಾಗಿದ್ರ ನಾಲಿಗಿ ಮ್ಯಾಲೈತಿ. ಸರಾಗ ದಾಟಿ ಹೋದ್ರ ಬೀಗಾನ ಬಿದ್ದಿಲ್ಲ.

ಹಳೇಮೇಜು:
ಟಕ್ ಅಂತು, ಸರಿಯಾಗಿ ನಡುವೆ. ತೂತಿನಲ್ಲಿ ಪಿನ್ನೂ ಇದೆ. ಬಲಗಡೆ ಮೂರು ಖಾನೆಗಳೂ ತೆರೀತಿಲ್ಲ, ಆದರೆ ಅವಕ್ಕೆ ಕೀಲಿ ತೂತೇ ಇಲ್ಲ. ಮೇಲಿನ ಸಂದಿಗೆ ಬೆಣೆ ಹೊಡೆದು ಎತ್ತಲಾ?

ಕೀಲಿಕೈ:
ಬೆಣೆ ಬೇಡ. ಒಂದರ ಮೇಲೊಂದು ಖಾನೆ ಇರೋ ಬೀರುವಾದರೆ ನಡುವಿನ ತೆಳು ಅಡ್ಡಪಟ್ಟಿ ಕೆಲವು ಮಿ.ಮೀ. ಬಾಗುತ್ತೆ, ನಾಲಿಗೆ ತಪ್ಪುತ್ತೆ. ಇಲ್ಲಿ ಮೇಲಿರೋದು ಮೇಜಿನ ಮೇಲ್ಹಲಗೆ, ಅದು ಬಾಗಲ್ಲ, ಸೀಳುತ್ತೆ.

ಮುಖ್ಯ ವಿಷಯ ಆ ಮೂರು ಖಾನೆ. ತೂತಿಲ್ಲದೆ ಮೂರೂ ಹಿಡಿದಿವೆ ಅಂದ್ರೆ ಅವನ್ನ ಹಿಡಿದಿರೋದು ನಡು ಡ್ರಾಯರ್. ಅದು ಪೂರ್ತಿ ಮುಚ್ಚಿದಾಗ ಹಿಂಬದಿ ಒಂದು ಸನ್ನೆಕೋಲನ್ನ ಒತ್ತುತ್ತೆ, ಆ ಸನ್ನೆಕೋಲು ಖಾನೆಗಳ ಹಿಂದಿರೋ ಉದ್ದ ಪಟ್ಟಿಯನ್ನ ಸರಿಸುತ್ತೆ, ಪಟ್ಟಿಯ ಕೊಕ್ಕೆಗಳು ಮೂರನ್ನೂ ಹಿಡೀತವೆ. ಕಾಗದ ಇರೋದು ಯಾವುದರಲ್ಲಿ?

ಹಳೇಮೇಜು:
ಬಲಗಡೆ ಎರಡನೇದರಲ್ಲಿ.

ಕೀಲಿಕೈ:
ಹಾಗಾದರೆ ಬೀಗದ ತಂಟೆಗೆ ಈಗ ಹೋಗಲೇಬೇಡಿ. ಮೇಜನ್ನ ಗೋಡೆಯಿಂದ ಈಚೆ ಎಳೆದು ಬಲಗಡೆ ಹಿಂಬದಿ ಹಲಗೆ ತೆಗೀರಿ. ಲಂಬವಾದ ಪಟ್ಟಿ ಕಾಣುತ್ತೆ. ಒಬ್ಬರು ಅದನ್ನ ಮೇಲಕ್ಕೋ ಕೆಳಕ್ಕೋ ಕೈಯಲ್ಲಿ ಸರಿಸಿ ಹಿಡೀಲಿ, ಇನ್ನೊಬ್ಬರು ಮುಂದಿನಿಂದ ಎಳೀಲಿ.

ಉಳಿಬಾಚಿ:
ನಡು ಡ್ರಾಯರ್‌ಗೆ ಕಡ್ಡಿನೇ ಗತಿ.

ಧಾರವಾಡಕಟಗಿ:
ಅಲ್ರಿ. ಕಾಲು ಇಡೋ ಜಾಗದಾಗ ಕುಂತು ಮ್ಯಾಲ ನೋಡಿದ್ರ ನಡು ಡ್ರಾಯರ್‌ದ ತಳದ ಹಲಗಿ ಕಾಣತೈತಿ. ಅದು ಮುಂದ, ಎರಡೂ ಮಗ್ಗಲಾಗ ಗಾಡಿಯೊಳಗ (ಕಟಗ್ಯಾಗ ಕೊರದ ಸಂದಿ) ಕುಂತಿರತೈತಿ, ಹಿಂದ ಮಾತ್ರ ಮೊಳಿ ಇಲ್ಲಾ ತಿರುಪು. ಅವನ್ನ ತಗದು ಹಲಗಿ ಹಿಂದಕ್ಕ ಸರಿಸ್ರಿ. 10 ಸೆಂ.ಮೀ. ಸರದ್ರ ಸಾಕು, ಬೀಗದ ಕೆಳಗ ಕೈ ಹೋಗತೈತಿ. ಗಿಡ್ಡ ಸ್ಕ್ರೂಡ್ರೈವರ್‌ನಿಂದ ಬೀಗದ ತಿರುಪು ಬಿಚ್ಚಿ ಡ್ರಾಯರ್ ಮೆಲ್ಲಕ ಎಳೀರಿ. ನಾಲಿಗಿ ಮ್ಯಾಲಿನ ಗಾಡಿಯೊಳಗ ಇರೋದರಿಂದ ಬೀಗ ಅಲ್ಲೇ ಜೋತಾಡತೈತಿ, ಡ್ರಾಯರ್ ಅದನ್ನ ಬಿಟ್ಟು ಮುಂದ ಬರತೈತಿ. ತಳ ವಾಪಸ್ ಕೂಡ್ರಿಸುವಾಗ ಫೆವಿಕಾಲ್ ಹಚ್ಚಬ್ಯಾಡ್ರಿ, ಕಟಗಿ ಆಡಾಕ ಜಾಗ ಬೇಕು, ಇಲ್ಲಂದ್ರ ಬ್ಯಾಸಗ್ಯಾಗ ಸೀಳತೈತಿ.

ಹಳೇಮೇಜು:
ಕಾಗದ ಸಿಕ್ತು! ಪಟ್ಟಿಯನ್ನ ಮೇಲಕ್ಕೆತ್ತಿದ ತಕ್ಷಣ ಮೂರೂ ಖಾನೆ ಬಂದವು. ತುಂಬಾ ಧನ್ಯವಾದ ಕೀಲಿಕೈ ಅವರೇ. ನಡು ಡ್ರಾಯರ್‌ದು ಇನ್ನೂ ಬಾಕಿ. ತಳದ ಹಲಗೆಗೆ ಮೊಳೆ, ತಲೆ ಒಳಗೆ ಹೂತುಹೋಗಿವೆ, ಇಕ್ಕಳಕ್ಕೆ ಸಿಗ್ತಿಲ್ಲ.

ಉಳಿಬಾಚಿ:
3 ಮಿ.ಮೀ. ಉಳಿಯಲ್ಲಿ ಮೊಳೆ ಸುತ್ತ ಕೆತ್ತಿದ್ರೆ ಬರುತ್ತೆ.

ಧಾರವಾಡಕಟಗಿ:
ಕೆತ್ತಬ್ಯಾಡ್ರಿ. ಮೊಳಿಗಿಂತ ಸಣ್ಣ ಪಂಚ್ (ಮೊಳಿ ಒಳಗ ತಳ್ಳೋ ಕಬ್ಬಿಣದ ಕಡ್ಡಿ) ಇಟ್ಟು ಹಲಗಿ ದಾಟೋತನಕ ಒಳಗ ಹೊಡೀರಿ, ಹಲಗಿ ಬಿಡಸ್ಕೋತೈತಿ. ಹೊಡಿಯೋ ಮುಂದ ಡ್ರಾಯರ್‌ದ ಮ್ಯಾಲಿನ ಸಂದಿಗೆ ರಟ್ಟು ತುರುಕ್ರಿ, ಇಲ್ಲಂದ್ರ ಪೆಟ್ಟೆಲ್ಲಾ ಬೀಗದ ನಾಲಿಗಿಗೆ ಬೀಳತೈತಿ.