ಸಾಹಿತ್ಯ ಮರೆತದ್ದನ್ನೇ ಯಾಕೆ ಕಳಿಸಿದೆ?

ಗುಂಪು: ಅಜ್ಜಿ ಮನೆ

ರಘು: ಎಲ್ಲರೂ ಇದನ್ನೊಮ್ಮೆ ಕೇಳಿ. ಅಮೆರಿಕದ ಜಾಝ್ ಗಾಯಕಿ ಎಲಾ ಫಿಟ್ಜ್‌ಜೆರಾಲ್ಡ್ ಹಾಡಿದ ‘ಮ್ಯಾಕ್ ದ ನೈಫ್’. 1960ರ ಫೆಬ್ರವರಿ 13, ಪಶ್ಚಿಮ ಬರ್ಲಿನ್‌ನ ಕಛೇರಿ. ಐದು ನಿಮಿಷವೂ ಇಲ್ಲ. ಇಯರ್‌ಫೋನ್ ಹಾಕಿಕೊಂಡು ಕೊನೆಯವರೆಗೂ ಕೇಳಿ.

ದೊಡ್ಡಪ್ಪ: ಕೇಳಿದೆ. ಎಂಥಾ ಕಂಠ!

ಸುಧಾ ಅತ್ತೆ: ನಾನೂ ಕೇಳಿದೆ ರಘು. ಅರ್ಧ ದಾಟಿದ ಮೇಲೆ ಆಕೆಗೆ ಸಾಹಿತ್ಯವೇ ಮರೆತುಹೋಗಿದೆ! ಮುಂದಿನ ಸಾಲು ಏನು ಅಂತ ಹಾಡಿನಲ್ಲೇ ಕೇಳುತ್ತಾರೆ. ಅಲ್ಲಿಂದ ಮುಂದೆ ಬಾಯಿಗೆ ಬಂದದ್ದು. ಅಷ್ಟು ದೊಡ್ಡ ಗಾಯಕಿ, ಅಷ್ಟೊಂದು ಒಳ್ಳೆಯ ಹಾಡುಗಳಿವೆ. ತಪ್ಪಿದ್ದನ್ನೇ ಯಾಕೆ ಕಳಿಸಿದೆ?

ರಘು: ಅತ್ತೆ, ತಪ್ಪಿದ್ದಕ್ಕೇ ಕಳಿಸಿದ್ದು.

ಸುಧಾ ಅತ್ತೆ: ಅದೇ ನನಗೆ ಹಿಡಿಸಲಿಲ್ಲ. ಸಾಹಿತ್ಯ ಗಟ್ಟಿಯಾಗದೆ ಜನರ ಮುಂದೆ ಕೂರಬೇಡಿ ಅಂತ ಮೂವತ್ತು ವರ್ಷದಿಂದ ಮಕ್ಕಳಿಗೆ ಹೇಳುತ್ತಿದ್ದೇನೆ. ಇದೂ ಸುಮ್ನೆ ಯಾವುದೋ ಹಾಡಲ್ಲ. ಬರೆದವರು ಜರ್ಮನ್ ನಾಟಕಕಾರ ಬ್ರೆಕ್ಟ್, ಸಂಗೀತ ಕುರ್ಟ್ ವೈಲ್ ಅವರದು. ಒಬ್ಬ ಕೊಲೆಗಾರನ ಕಥೆ. ಪದ್ಯದಿಂದ ಪದ್ಯಕ್ಕೆ ಅವನ ಪಾಪ ಬೆಳೆಯುತ್ತಾ ಹೋಗುತ್ತದೆ. ಆ ಮಾತು ಹೋದರೆ ಉಳಿಯುವುದೇನು ಹೇಳು?

ಕಾವ್ಯಾ: ನಾನು ಅತ್ತೆ ಕಡೆ. ಪರೀಕ್ಷೆಯಲ್ಲಿ ನಾನು ಹೀಗೆ ಮಾಡಿದ್ದರೆ ಅತ್ತೆ ಬಿಡುತ್ತಿದ್ದರಾ?

ರಘು: ಇದು ಪರೀಕ್ಷೆ ಅಲ್ಲ ಕಾವ್ಯಾ. ಅತ್ತೆ, ಆಕೆ ಮರೆತದ್ದು ಸಾಹಿತ್ಯವನ್ನು ಮಾತ್ರ. ತಾಳ ಬಿಟ್ಟಿಲ್ಲ. ಈ ಹಾಡಿನಲ್ಲಿ ಪದ್ಯ ಮುಗಿದ ಹಾಗೆಲ್ಲ ಶ್ರುತಿ ಮೇಲೇರುತ್ತದೆ. ಬಾಯಲ್ಲಿ ಮಾತೇ ಇಲ್ಲದಾಗಲೂ ಏರಬೇಕಾದ ಜಾಗದಲ್ಲಿ ಏರುತ್ತಾರೆ. ಬಾಬಿ ಡಾರಿನ್, ಲೂಯಿ ಆರ್ಮ್‌ಸ್ಟ್ರಾಂಗ್ ಇದನ್ನು ಹಾಡಿ ಹೆಸರು ಮಾಡಿದರು, ಈಗ ಎಲಾ ಮತ್ತು ಜೊತೆಗಾರರು ಸೇರಿ ಕೆಡಿಸುತ್ತಿದ್ದಾರೆ ಅಂತ ಅಲ್ಲೇ ನಿಂತಲ್ಲೇ ಕಟ್ಟಿ, ಮಟ್ಟಿಗೆ ಕೂರಿಸಿ ಹಾಡುತ್ತಾರೆ. ಆಮೇಲೆ ಆರ್ಮ್‌ಸ್ಟ್ರಾಂಗ್ ಅವರ ಗೊಗ್ಗರು ದನಿಯ ಅನುಕರಣೆ! ಹಿಂದೆ ಇದ್ದದ್ದು ನಾಲ್ವರೇ. ಪಿಯಾನೋದಲ್ಲಿ ಪಾಲ್ ಸ್ಮಿತ್, ಗಿಟಾರ್‌ನಲ್ಲಿ ಜಿಮ್ ಹಾಲ್, ಬಾಸ್ ವಿಲ್ಫ್ರೆಡ್ ಮಿಡಲ್‌ಬ್ರೂಕ್ಸ್, ಡ್ರಮ್ಸ್ ಗಸ್ ಜಾನ್ಸನ್. ಒಬ್ಬರೂ ತಡವರಿಸುವುದಿಲ್ಲ. ಮಾತೆಲ್ಲ ನೆನಪಿರುತ್ತದೆ ಅಂದುಕೊಂಡಿದ್ದೇವೆ ಅಂತ ಶುರುವಿನಲ್ಲೇ ಜನರಿಗೆ ಹೇಳಿದ್ದರು ಕೂಡ. ಮುಚ್ಚಿಟ್ಟು ಹಾಡಿದ್ದಲ್ಲ.

ದೊಡ್ಡಪ್ಪ: ಈ ಹಾಡು ಹುಟ್ಟಿದ್ದೇ ಬರ್ಲಿನ್‌ನಲ್ಲಿ ಅಲ್ವಾ? 1928ರಲ್ಲಿ, ‘ತ್ರೀಪೆನ್ನಿ ಒಪೆರಾ’ ಅನ್ನುವ ಸಂಗೀತ ನಾಟಕದಲ್ಲಿ. ವೈಲ್ ಯೆಹೂದಿ. ನಾಜಿಗಳು ಬಂದ ಮೇಲೆ 1933ರಲ್ಲಿ ದೇಶ ಬಿಟ್ಟರು. ಅವರ ಸಂಗೀತಕ್ಕೂ ಅಲ್ಲಿ ಜಾಗ ಇಲ್ಲದಂತೆ ಮಾಡಿದರು. 1950ರಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. ಹತ್ತು ವರ್ಷದ ಮೇಲೆ ಅದೇ ಬರ್ಲಿನ್‌ನಲ್ಲಿ ಒಬ್ಬ ಕಪ್ಪು ಹೆಣ್ಣುಮಗಳು ಇದನ್ನು ಹಾಡುತ್ತಾಳೆ, ಸಾವಿರಾರು ಜನ ಚಪ್ಪಾಳೆ ಹೊಡೆಯುತ್ತಾರೆ. ನನಗೆ ಮೈ ಜುಮ್ಮೆಂದದ್ದು ಅದಕ್ಕೆ.

ಸುಧಾ ಅತ್ತೆ: ಅಣ್ಣ, ಹಾಗಿದ್ದರೆ ತವರಿಗೆ ಬಂದ ಹಾಡು ತನ್ನ ಮಾತಿನ ಸಮೇತ ಬರಬೇಕಿತ್ತು.

ದೊಡ್ಡಪ್ಪ: ಅದೂ ಸರಿ.

ಸುಧಾ ಅತ್ತೆ: ಮಾತಿಗೆ ಬೆಲೆ ಕೊಡದವರಾಗಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. 1956ರಿಂದ 1964ರವರೆಗೆ ಎಂಟು ಸಾಂಗ್‌ಬುಕ್, ಅಂದರೆ ಒಬ್ಬೊಬ್ಬ ಹಾಡು ಕಟ್ಟಿದವರ ಹಾಡುಗಳದೇ ಆಲ್ಬಮ್, ಮಾಡಿದ್ದು ಇವರೇ ತಾನೆ? ಕೋಲ್ ಪೋರ್ಟರ್, ಡ್ಯೂಕ್ ಎಲಿಂಗ್ಟನ್, ಗರ್ಶ್ವಿನ್ ಸಹೋದರರು. ನಮ್ಮ ಹಾಡುಗಳು ಇಷ್ಟು ಚೆನ್ನಾಗಿವೆ ಅಂತ ಎಲಾ ಹಾಡಿದ ಮೇಲೆಯೇ ಗೊತ್ತಾಯಿತು ಅಂತ ಐರಾ ಗರ್ಶ್ವಿನ್ ಹೇಳಿದ್ದರಂತೆ. ಅವರು ಸಾಹಿತ್ಯ ಬರೆದವರು, ನೆನಪಿರಲಿ. ಒಂದೊಂದು ಅಕ್ಷರವೂ ಅಷ್ಟು ಸ್ಪಷ್ಟ. ನಮ್ಮ ಮಕ್ಕಳಿಗೆ ಕೇಳಿಸಬೇಕಾದ್ದು ಅದು.

ರಘು: ಅದನ್ನೂ ಕೇಳಿಸೋಣ. ಆದರೆ ಸಾಂಗ್‌ಬುಕ್ ಸ್ಟುಡಿಯೋದಲ್ಲಿ ಆದದ್ದು. ತಪ್ಪಾದರೆ ಇನ್ನೊಮ್ಮೆ ಹಾಡಬಹುದು. ಇಲ್ಲಿ ಆ ಅನುಕೂಲ ಇರಲಿಲ್ಲ. ನನಗೆ ಇದನ್ನು ಕೇಳಿದಾಗಲೆಲ್ಲ 1934ರ ನವೆಂಬರ್ ನೆನಪಾಗುತ್ತದೆ. ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿರುವ ಅಪೊಲೊ ಥಿಯೇಟರ್, ಹವ್ಯಾಸಿಗಳ ಸ್ಪರ್ಧೆ. ಆಕೆಗೆ 17 ವರ್ಷ, ತಾಯಿ ಇಲ್ಲ. ಹೋದದ್ದು ಕುಣಿಯುವುದಕ್ಕೆ. ಮುಂಚೆ ಕುಣಿದ ಅಕ್ಕತಂಗಿಯರನ್ನು ನೋಡಿ ಧೈರ್ಯವೇ ಹೋಯಿತು. ವಾಪಸ್ ಹೋಗಲಿಲ್ಲ, ಹಾಡಿದರು. ಮೊದಲ ಬಹುಮಾನ ಬಂತು. ಬರ್ಲಿನ್‌ನಲ್ಲಿ ಕೇಳುವುದು ಅದೇ ಹುಡುಗಿಯನ್ನು. ನಿರ್ಮಾಪಕ ನಾರ್ಮನ್ ಗ್ರಾಂಜ್ ಈ ಹಾಡನ್ನು ಬಿಟ್ಟು ಕಛೇರಿಯ ಎಲ್‌ಪಿ (ಗ್ರಾಮಫೋನ್ ತಟ್ಟೆ) ಹೊರತರಬಹುದಿತ್ತು. ಬದಲಿಗೆ ಎಲ್‌ಪಿಗೆ ಇದರ ಹೆಸರನ್ನೇ ಇಟ್ಟರು. ಗ್ರ್ಯಾಮಿಯೂ ಬಂತು.

ಸುಧಾ ಅತ್ತೆ: ಪ್ರಶಸ್ತಿ ಬಂದ ಮಾತ್ರಕ್ಕೆ ಮರೆವು ಸರಿಯಾಗುವುದಿಲ್ಲ ರಘು.

ರಘು: ಪ್ರಶಸ್ತಿ ಬಿಡಿ ಅತ್ತೆ. ಇನ್ನೊಂದು ಸಲ ಕೇಳಿ. ಈ ಸಲ ಕೈಯಲ್ಲಿ ತಾಳ ಹಾಕಿಕೊಂಡು ಕೇಳಿ.

(ಒಂದು ಗಂಟೆಯ ನಂತರ)

ಸುಧಾ ಅತ್ತೆ: ಎರಡು ಸಲ ಹಾಕಿದೆ. ಮಾತು ಮರೆತ ಮೇಲೂ ಒಂದು ಕಡೆಯೂ ಎತ್ತುಗಡೆ ತಪ್ಪಿಲ್ಲ. ಮಾತಿದ್ದಾಗ ಎಲ್ಲಿ ಉಸಿರು ತೆಗೆದುಕೊಂಡರೋ ಆಮೇಲೂ ಅಲ್ಲೇ. ಅದು ವರ್ಷಗಟ್ಟಲೆ ದುಡಿದು ಬಂದದ್ದು, ಅಂದಾಜಿನಿಂದ ಬರುವುದಲ್ಲ. ನಾಳೆ ದೊಡ್ಡ ಮಕ್ಕಳ ಪಾಠಕ್ಕೆ ಇದನ್ನು ಹಾಕುತ್ತೇನೆ. ಚಿಕ್ಕವರಿಗೆ ಬೇಡ, ಸಾಹಿತ್ಯ ಕಲಿಯುವುದನ್ನೇ ಬಿಟ್ಟಾರು. ಅವರಿಗೆ ಕೋಲ್ ಪೋರ್ಟರ್ ಕಳಿಸು.

ರಘು: ಈಗಲೇ ಕಳಿಸುತ್ತೇನೆ ಅತ್ತೆ.

ಕಾವ್ಯಾ: ನಾನು ಯಾವ ಗುಂಪು ಅತ್ತೆ? ದೊಡ್ಡವರದೋ, ಚಿಕ್ಕವರದೋ?

ಸುಧಾ ಅತ್ತೆ: ನೀನು ಎರಡೂ ಕೇಳು.