ಬೈಕರ್‌ಗಳೆಲ್ಲ ಒಂದೇ ಮನೆಯವರು ಅಂತಾರೆ. ಅದು ಎಷ್ಟು ಸಿಸಿಯಿಂದ ಶುರು?

ಸಣ್ಣಗಾಡಿ:
ಬೈಕ್ ಕಲಿತು ಎಂಟು ತಿಂಗಳಾಯಿತು. ನನ್ನದು 125 ಸಿಸಿ, ದಿನಾ ಕೆಲಸಕ್ಕೆ ಹೋಗಿಬರುವ ಗಾಡಿ. ಕಳೆದ ಭಾನುವಾರ ಮೊದಲ ಸಲ ಒಂದು ಗ್ರೂಪ್ ರೈಡಿಗೆ ಹೋದೆ. ‘ಎಲ್ಲಾ ಬೈಕಿಗೂ ಸ್ವಾಗತ’ ಅಂತ ಹಾಕಿದ್ದರು. ಹೊರಡುವ ಮುಂಚೆ ಮೂರು ಜನ ಬಂದು ಗಾಡಿ ನೋಡಿದರು. ‘ಮುಂದೆ ಯಾವುದು ತಗೋತೀರಿ?’ ಅಂತ ಕೇಳಿದರು. ಹೆಸರು ಯಾರೂ ಕೇಳಲಿಲ್ಲ. ಸಾಲಿನ ಕೊನೆಯಲ್ಲಿ ನಿಲ್ಲಿಸಿದರು. ಅರ್ಧ ಗಂಟೆಯಲ್ಲಿ ಮುಂದಿನವರ ಟೇಲ್ ಲೈಟ್ ಕೂಡ ಕಾಣದಂತಾಯಿತು. ಎಲ್ಲರೂ ಸೇರುವ ಜಾಗಕ್ಕೆ ನಾನು ಮುಟ್ಟುವ ಹೊತ್ತಿಗೆ ಅವರು ಹೆಲ್ಮೆಟ್ ಹಾಕಿಕೊಂಡು ಹೊರಡುತ್ತಿದ್ದರು. ವಾಪಸ್ ಒಬ್ಬನೇ ಬಂದೆ. ತಪ್ಪು ನನ್ನದಾ?

ಚೈನ್‌ಲ್ಯೂಬ್:
ಬೇಜಾರಾಗಿದ್ದು ಅರ್ಥವಾಗುತ್ತದೆ. ಆದರೆ ಇದನ್ನು ಅವಮಾನ ಅಂದುಕೊಳ್ಳಬೇಡಿ. 125 ಸಿಸಿ ಗಾಡಿ ಹೆದ್ದಾರಿಯಲ್ಲಿ 80 ದಾಟಿದರೆ ಏದುಸಿರು ಬಿಡುತ್ತದೆ. ದೊಡ್ಡ ಗಾಡಿ ಅಲ್ಲಿಂದಲೇ ಹಾಯಾಗಿ ಓಡಲು ಶುರು ಮಾಡುತ್ತದೆ. ವಾರಕ್ಕೆ ಸಿಗುವುದು ಒಂದೇ ರಜೆ. ಎಲ್ಲರೂ 70ರಲ್ಲೇ ಹೋಗಬೇಕು ಅಂದರೆ ನಾನಂತೂ ಬರುವುದಿಲ್ಲ. ನಿಮ್ಮ ವೇಗದವರ ಜೊತೆ ಹೋಗಿ, ಅಷ್ಟೇ.

ಬಾಲದಲ್ಲಿರುವವ:
ಚೈನ್‌ಲ್ಯೂಬ್, ವೇಗದ ಮಾತು ಸರಿ. ಆದರೆ ಇಲ್ಲಿ ಆಗಿರುವ ತಪ್ಪು ಬೇರೆ. ನಾನು ಹನ್ನೆರಡು ವರ್ಷದಿಂದ ಸ್ವೀಪ್ ಮಾಡುತ್ತಿದ್ದೇನೆ, ಅಂದರೆ ಗುಂಪಿನ ಕೊನೆಯ ಬೈಕ್ ನನ್ನದು. ಹೊಸಬರನ್ನು ಕೊನೆಗೆ ಹಾಕುವುದು ಎಲ್ಲಕ್ಕಿಂತ ಕೆಟ್ಟ ಕೆಲಸ. ಸಾಲು ರಬ್ಬರ್ ಬ್ಯಾಂಡ್ ಇದ್ದಹಾಗೆ. ಮುಂದಿನವನು ತಿರುವು ಮುಗಿಸಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ, ಎರಡನೆಯವನು ಆ ಅಂತರ ತುಂಬಲು ಇನ್ನಷ್ಟು ಕೊಡಬೇಕು. ಹತ್ತನೆಯವನ ಪಾಡು ಕೇಳಲೇಬೇಡಿ. ಲೀಡ್, ಅಂದರೆ ಎಲ್ಲರಿಗಿಂತ ಮುಂದೆ ಹೋಗುವವನು, 70ರಲ್ಲಿದ್ದರೂ ಕೊನೆಯವನು ಆಗಾಗ 90 ಮುಟ್ಟಬೇಕಾಗುತ್ತದೆ. ಅಂದರೆ ಗುಂಪಿನಲ್ಲಿ ಅತಿ ಜೋರಾಗಿ ಓಡಿಸಬೇಕಾದವರು ಯಾರು? ಅತಿ ಕಡಿಮೆ ಅನುಭವ ಇರುವವರು!

ಹೊಸಬರು ಲೀಡ್ ಹಿಂದೆಯೇ, ಎರಡನೆಯ ಜಾಗದಲ್ಲಿ ಇರಬೇಕು. ಆಗ ಲೀಡ್ ಕನ್ನಡಿ ನೋಡಿದಾಗೆಲ್ಲ ಅವರು ಕಾಣುತ್ತಾರೆ. ವೇಗ ತಾನಾಗಿ ಇಳಿಯುತ್ತದೆ.

ಎರಡುಚಕ್ರಿ:
ಒಂದು ತಿದ್ದುಪಡಿ. ತಿರುವಿನಲ್ಲಿ ಒಬ್ಬರನ್ನು ನಿಲ್ಲಿಸಿ ಹೋಗುವ ಪದ್ಧತಿ ಇದ್ದರೆ ಎರಡನೆಯ ಜಾಗ ಆಗುವುದಿಲ್ಲ. ಅಲ್ಲಿ ಲೀಡ್ ಹಿಂದಿನವರೇ ಪ್ರತಿ ತಿರುವಿನಲ್ಲಿ ನಿಂತು, ಎಲ್ಲರಿಗೂ ದಾರಿ ತೋರಿಸಿ, ಸ್ವೀಪ್ ಬಂದಾಗ ಅವರ ಮುಂದೆ ಸೇರಿಕೊಳ್ಳುತ್ತಾರೆ. ಹೊಸಬರನ್ನು ಮೊದಲ ತಿರುವಿನಲ್ಲೇ ಒಂಟಿಯಾಗಿ ನಿಲ್ಲಿಸಿದಂತಾಗುತ್ತದೆ. ಆದರೆ ಈ ಪದ್ಧತಿಯ ಸೊಗಸು ಏನೆಂದರೆ ಯಾರೂ ಯಾರನ್ನೂ ಬೆನ್ನಟ್ಟಬೇಕಿಲ್ಲ. ಹಿಂದೆ ಬಿದ್ದರೂ ತಿರುವಿನಲ್ಲಿ ಒಬ್ಬರು ಕಾಯುತ್ತಿರುತ್ತಾರೆ.

ಬಾಲದಲ್ಲಿರುವವ:
ಒಪ್ಪಿದೆ ಮೇಡಂ. ನಾನು ಹೇಳಿದ್ದು ತಿರುವಿನಲ್ಲಿ ಯಾರನ್ನೂ ನಿಲ್ಲಿಸದೆ ಎಲ್ಲರೂ ಒಟ್ಟಿಗೆ ಹೋಗುವ ರೈಡಿಗೆ.

ಒಂಟಿಸವಾರ:
ಇಷ್ಟೆಲ್ಲಾ ಲೆಕ್ಕ ಯಾಕೆ? ಒಬ್ಬನೇ ಹೋಗು. ಎದುರಿಗೆ ಬಂದ ಬೈಕಿನವನು ತಲೆ ಆಡಿಸುತ್ತಾನೆ, ನೀನೂ ಆಡಿಸು. ಅಷ್ಟು ನಂಟು ಸಾಕು. ಬಲಗಡೆ ಓಡಿಸುವ ದೇಶಗಳಲ್ಲಿ ಎಡಗೈ ಕೆಳಗೆ ಚಾಚಿ ಎರಡು ಬೆರಳು ತೋರಿಸುತ್ತಾರೆ. ಎಡಗಡೆ ಓಡಿಸುವ ಕಡೆ ಎದುರಿನವನು ಬಲಕ್ಕೆ ಬರುತ್ತಾನೆ. ಬಲಗೈ ಆಕ್ಸಿಲರೇಟರ್ ಮೇಲಿರುತ್ತದೆ, ಅದಕ್ಕೇ ತಲೆ. ಫ್ರಾನ್ಸಿನಲ್ಲಿ ದಾರಿ ಬಿಟ್ಟವರಿಗೆ ಕಾಲು ಚಾಚಿ ಥ್ಯಾಂಕ್ಸ್ ಹೇಳುತ್ತಾರೆ. ಇದರಲ್ಲಿ ಯಾರೂ ಸಿಸಿ ಕೇಳುವುದಿಲ್ಲ.

ಎರಡುಚಕ್ರಿ:
ಕೇಳುತ್ತಾರೆ, ಬಾಯಿಬಿಟ್ಟು ಅಲ್ಲ ಅಷ್ಟೇ. ಸ್ಕೂಟರಿನಲ್ಲಿ ಒಂದು ದಿನ ಹೋಗಿ ತಲೆ ಆಡಿಸಿ ನೋಡಿ, ಎಷ್ಟು ಜನ ತಿರುಗಿ ಆಡಿಸುತ್ತಾರೆ ಅಂತ. ಅದೂ ಅಲ್ಲದೆ ತಲೆ ಆಡಿಸಲು ಪೆಟ್ರೋಲ್ ಖರ್ಚಾಗುವುದಿಲ್ಲ. ಪಂಕ್ಚರ್ ಆದಾಗ ನಿಲ್ಲುವವರು ಬೇಕು.

ನನಗೆ ಇದರ ಉಲ್ಟಾ ಅನುಭವ. ಹೆಣ್ಣು ಅಂತ ಎಲ್ಲರೂ ವಿಪರೀತ ಒಳ್ಳೆಯವರು. ಸೈಡ್ ಸ್ಟ್ಯಾಂಡ್ ತೆಗೆಯುವ ಮುಂಚೆ ನಾಲ್ಕು ಜನ ಗಾಡಿ ಹಿಡಿದಿರುತ್ತಾರೆ. ನಾನು ಚೈನ್ ಟೈಟ್ ಮಾಡುತ್ತಿದ್ದರೆ ಕೈಯಿಂದ ಸ್ಪ್ಯಾನರ್ ಕಿತ್ತುಕೊಳ್ಳುತ್ತಾರೆ. ಅತಿಥಿಯ ಹಾಗೆ ನೋಡಿಕೊಳ್ಳುತ್ತಾರೆ. ಅತಿಥಿ ಅಂದಮೇಲೆ ಮನೆಯವಳಲ್ಲ ಅಂತಲೇ ಅಲ್ವಾ?

ಬೆಸ್ಸಿ ಸ್ಟ್ರಿಂಗ್‌ಫೀಲ್ಡ್ ಅಂತ ಒಬ್ಬರಿದ್ದರು, ಅಮೆರಿಕದ ಕಪ್ಪು ಮಹಿಳೆ. 1930ರ ದಶಕದಲ್ಲೇ ಒಬ್ಬರೇ ಬೈಕಿನಲ್ಲಿ ಆ ದೇಶ ಸುತ್ತಿದವರು. ಬಣ್ಣ ನೋಡಿ ರೂಮ್ ಕೊಡದಿದ್ದಾಗ ಪೆಟ್ರೋಲ್ ಬಂಕಿನಲ್ಲಿ ಬೈಕಿನ ಮೇಲೆಯೇ ಮಲಗುತ್ತಿದ್ದರು. ಅಲ್ಲಿನ ಬೈಕ್ ಸಂಘ ಅವರನ್ನು ತನ್ನ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 2002ರಲ್ಲಿ. ಅವರು ತೀರಿಕೊಂಡು ಒಂಬತ್ತು ವರ್ಷ ಆದಮೇಲೆ! ‘ನಾವೆಲ್ಲ ಒಂದೇ’ ಅನ್ನುವ ಮಾತು ಕೇಳಿದಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಚೈನ್‌ಲ್ಯೂಬ್:
ಅದು ಇತಿಹಾಸ. ಇಲ್ಲಿ ಯಾರೂ ಯಾರನ್ನೂ ಹೊರಗೆ ಹಾಕಿಲ್ಲ. ಗಾಡಿಯ ತಾಕತ್ತಿನ ಮಾತು ಅಷ್ಟೇ.

ಎರಡುಚಕ್ರಿ:
ಹಾಗಾದರೆ ಅದನ್ನೇ ಬರೆಯಿರಿ. ‘ನಮ್ಮ ವೇಗ ಇಷ್ಟು, ಇದಕ್ಕಿಂತ ಕಡಿಮೆಯಾದರೆ ಕಷ್ಟ’ ಅಂತ. ಎಲ್ಲಾ ಬೈಕಿಗೂ ಸ್ವಾಗತ ಅಂತ ಕರೆದು, ಬಂದವರನ್ನು ದಾರಿಯಲ್ಲಿ ಬಿಟ್ಟು ಹೋಗಬೇಡಿ.

ಚೈನ್‌ಲ್ಯೂಬ್:
ಅಷ್ಟು ಒಪ್ಪುತ್ತೇನೆ. ಬೇರೆ ಏನೂ ಒಪ್ಪಿಲ್ಲ.

ಬಾಲದಲ್ಲಿರುವವ:
ಗಾಡಿಯ ತಾಕತ್ತು ಅಂದಿರಲ್ಲ. ಪ್ರಪಂಚದಲ್ಲಿ ಅತಿ ಹೆಚ್ಚು ಜನ ಕೊಂಡ ಬೈಕ್ ಹೋಂಡಾ ಸೂಪರ್ ಕಬ್. 1958ರಲ್ಲಿ ಶುರುವಾದಾಗ 50 ಸಿಸಿ. 2017ರ ಹೊತ್ತಿಗೆ 10 ಕೋಟಿ ಗಾಡಿ ತಯಾರಾಗಿದ್ದವು. ಸಣ್ಣ ಗಾಡಿಯವರು ಬೈಕರ್ ಅಲ್ಲ ಅಂದರೆ ಉಳಿಯುವವರು ಯಾರು, ನಾವು ನಾಲ್ಕು ಜನ.

ಒಂಟಿಸವಾರ:
‘ಮುಂದೆ ಯಾವುದು ತಗೋತೀರಿ’ ಅನ್ನುವ ಪ್ರಶ್ನೆಗೆ ನಾನೂ ಬಲಿಯಾದವನೇ. ಗುಂಪಿಗೆ ಸೇರಬೇಕು ಅಂತ ಸಾಲ ಮಾಡಿ ದೊಡ್ಡ ಗಾಡಿ ತಗೊಂಡೆ. ಸೀಟು ಎತ್ತರ, ಕಾಲು ಸರಿಯಾಗಿ ಎಟುಕುತ್ತಿರಲಿಲ್ಲ. ಮೊದಲ ರೈಡಿನಲ್ಲೇ ನಿಲ್ಲಿಸುವಾಗ ಎಲ್ಲರೆದುರು ಬೀಳಿಸಿದೆ. ಎತ್ತಲು ಬಂದವರಿಗಿಂತ ಫೋನ್ ತೆಗೆದವರು ಜಾಸ್ತಿ. ಸಂಜೆಗೆ ಗ್ರೂಪಿನಲ್ಲಿ ಫೋಟೋ ಬಂತು, ಜೊತೆಗೆ ನಗುವ ಮುಖಗಳು. ಆರು ತಿಂಗಳಲ್ಲಿ ಗಾಡಿ ಮಾರಿದೆ. ಸಾಲ ತೀರಲು ಇನ್ನೂ ಎರಡು ವರ್ಷ ಬೇಕಾಯಿತು. ಅವತ್ತಿನಿಂದ ಒಬ್ಬನೇ.

ಎರಡುಚಕ್ರಿ:
ಹಾಗಾದರೆ ನಿಮಗೆ ಗುಂಪೇ ಬೇಡ ಅಂತ ಅಲ್ಲ. ಆ ಗುಂಪು ಬೇಡ ಅಂತ.

ಒಂಟಿಸವಾರ:
ಇರಬಹುದು. ಈಗ ಅದು ಬಿಡಿ.

ಸಣ್ಣಗಾಡಿ:
ಎಲ್ಲರಿಗೂ ಥ್ಯಾಂಕ್ಸ್. ಚೈನ್‌ಲ್ಯೂಬ್ ಅವರ ಮಾತು ಮೊದಲು ಚುಚ್ಚಿತು. ಆದರೆ ಬರುವುದಿಲ್ಲ ಅಂತ ನೇರವಾಗಿ ಹೇಳುವವರು, ಬಾ ಅಂತ ಕರೆದು ಬಿಟ್ಟುಹೋಗುವವರಿಗಿಂತ ವಾಸಿ. ಬಾಲದ ಅಣ್ಣ, ನಿಮ್ಮ ಗುಂಪಿಗೆ ನನ್ನಂಥವರು ಬರಬಹುದಾ?

ಬಾಲದಲ್ಲಿರುವವ:
ಬನ್ನಿ. ಬರುವ ಭಾನುವಾರ ಬೆಳಿಗ್ಗೆ ಆರಕ್ಕೆ. ಹಿಂದಿನ ದಿನ ಟಯರ್ ಗಾಳಿ, ಚೈನ್, ಬ್ರೇಕ್ ನೋಡಿಕೊಳ್ಳಿ. ಹೊರಡುವ ಮುಂಚೆ ಹತ್ತು ನಿಮಿಷ ಕೈಸನ್ನೆ ಹೇಳಿಕೊಡುತ್ತೇವೆ. ಬೈಕ್‌ಗಳು ಒಂದರ ಹಿಂದೆ ಒಂದು ಅಲ್ಲ, ಒಂದು ಎಡಕ್ಕೆ ಒಂದು ಬಲಕ್ಕೆ. ನೇರ ಮುಂದಿರುವವರಿಗೂ ನಿಮಗೂ ಎರಡು ಸೆಕೆಂಡ್ ಅಂತರ. ತಿರುವಿನಲ್ಲಿ ಮಾತ್ರ ಒಂದೇ ಸಾಲು. ಪೆಟ್ರೋಲಿಗೆ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಕಡಿಮೆ ದೂರ ಓಡುವ ಗಾಡಿ ನೋಡಿ ತೀರ್ಮಾನಿಸುತ್ತೇವೆ. ನಿಮ್ಮ ಟ್ಯಾಂಕ್ ಎಷ್ಟು ಲೀಟರ್?

ಸಣ್ಣಗಾಡಿ:
ಹತ್ತು ಅಣ್ಣ. ಲೀಟರಿಗೆ ಐವತ್ತು ಕೊಡುತ್ತದೆ.

ಬಾಲದಲ್ಲಿರುವವ:
ಐನೂರು ಕಿಲೋಮೀಟರಾ! ಹಾಗಾದರೆ ದಾರಿಯಲ್ಲಿ ನಮಗಾಗಿ ಕಾಯಬೇಕಾದವರು ನೀವೇ.

ಚೈನ್‌ಲ್ಯೂಬ್:
ನನ್ನದು 280ಕ್ಕೇ ರಿಸರ್ವ್ ಬೀಳುತ್ತದೆ. ಸುಮ್ನೆ ಹೇಳಿದೆ.

ಎರಡುಚಕ್ರಿ:
ಬೆಳಿಗ್ಗೆ ಆರಕ್ಕೆ, ಚೈನ್‌ಲ್ಯೂಬ್. 70ರಲ್ಲಿ.